ತುರ್ತು ಕಾಲಕ್ಕೆ ಉದ್ಯಾನದ ಕಾಡುಸೊಪ್ಪು, ಹಣ್ಣು, ಬೀಜ: ಗುರುತಿಸುವ ಕ್ರಮ

ಪ್ರವಾಹ, ಭೂಕಂಪ ಅಥವಾ ಯುದ್ಧದಿಂದ ಸರಬರಾಜು ನಿಂತು ಅಂಗಡಿಗಳು ಬರಿದಾದಾಗ ನಗರದ ಜನ ಹತ್ತಿರದ ಉದ್ಯಾನಗಳತ್ತ ಮುಖಮಾಡಿದ ಉದಾಹರಣೆಗಳು ಇತಿಹಾಸದಲ್ಲಿವೆ. 1992ರಿಂದ 1996ರವರೆಗೆ ಮುತ್ತಿಗೆಗೆ ಒಳಗಾಗಿದ್ದ ಸರಾಯೆವೊ ನಗರದ ನಿವಾಸಿಗಳು ಉದ್ಯಾನ, ಹಿತ್ತಲು, ಪಾಳುಜಾಗಗಳಲ್ಲಿ ತಾನಾಗಿ ಬೆಳೆದ ಸೊಪ್ಪುಗಳನ್ನು ಕಿತ್ತು ತಿಂದು ದಿನ ದೂಡಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಲೆನಿನ್‌ಗ್ರಾಡ್ ನಗರದಲ್ಲಿಯೂ ಇದೇ ನಡೆಯಿತು. ಅಂಥ ಹೊತ್ತಿನಲ್ಲಿ ಕೈಹಿಡಿಯುವುದು ಮೊದಲೇ ಗಳಿಸಿಟ್ಟುಕೊಂಡ ತಿಳಿವಳಿಕೆ. ಹಸಿದು ಕಂಗೆಟ್ಟವನು ಎರಡು ಗಿಡಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಸಮಾಧಾನದಿಂದ ನೋಡಲಾರ. ಆದ್ದರಿಂದ ಇಲ್ಲಿ ಹೇಳಿರುವುದೆಲ್ಲವೂ ಹೊಟ್ಟೆ ತುಂಬಿರುವ ಈ ದಿನಗಳಲ್ಲಿಯೇ ಮಾಡಿಕೊಳ್ಳಬೇಕಾದ ಸಿದ್ಧತೆ.

ಮೊದಲು ನಿರೀಕ್ಷೆಯನ್ನು ಸರಿಪಡಿಸಿಕೊಳ್ಳೋಣ. ಆರೋಗ್ಯವಂತ ವಯಸ್ಕರು ಆಹಾರವಿಲ್ಲದೆ ವಾರಗಟ್ಟಲೆ ಬದುಕಬಲ್ಲರು, ನೀರಿಲ್ಲದೆ ಕೆಲವೇ ದಿನ. ಹಾಗಾಗಿ ಮೊದಲ ದಿನಗಳ ಶ್ರಮವೆಲ್ಲ ಶುದ್ಧ ನೀರಿಗೆ ಮೀಸಲಾಗಬೇಕು. ಎರಡನೆಯದಾಗಿ, ಸೊಪ್ಪು ಹೊಟ್ಟೆ ತುಂಬಿಸಿದರೂ ಶಕ್ತಿ ತುಂಬುವುದಿಲ್ಲ. 100 ಗ್ರಾಂ ಗೋಣಿ ಸೊಪ್ಪಿನಲ್ಲಿರುವುದು ಸುಮಾರು 20 ಕ್ಯಾಲೊರಿ ಮಾತ್ರ. ದಿನಕ್ಕೆ ಬೇಕಾದ ಸುಮಾರು 2000 ಕ್ಯಾಲೊರಿಯನ್ನು ಅದೊಂದರಿಂದಲೇ ಪಡೆಯಹೊರಟರೆ 10 ಕಿಲೋ ಸೊಪ್ಪು ತಿನ್ನಬೇಕಾಗುತ್ತದೆ. ಆದರೆ ದಂಟಿನ ಬೀಜವಾಗಲಿ ಓಕ್ ಮರದ ಕಾಯಿಯಾಗಲಿ 100 ಗ್ರಾಮಿಗೆ 350 ಕ್ಯಾಲೊರಿಗಿಂತ ಹೆಚ್ಚು ಕೊಡುತ್ತವೆ. ಸೊಪ್ಪನ್ನು ಜೀವಸತ್ವ ಮತ್ತು ಖನಿಜಾಂಶಗಳಿಗಾಗಿ, ಬೀಜ, ಕಾಯಿ, ಹಣ್ಣು, ಗೆಡ್ಡೆಗಳನ್ನು ಶಕ್ತಿಗಾಗಿ ಹುಡುಕಬೇಕು. ಮನೆಯಲ್ಲಿ ಕೂಡಿಟ್ಟ ಧಾನ್ಯ, ಬೇಳೆಗಳ ಸ್ಥಾನವನ್ನು ಉದ್ಯಾನ ತುಂಬಲಾರದು. ಅದನ್ನು ಒಂದಿಷ್ಟು ದಿನ ಹೆಚ್ಚು ಎಳೆಯಲು ಮಾತ್ರ ನೆರವಾಗಬಲ್ಲದು.

ವಿಷದ ಗಿಡಗಳಿಂದ ಆರಂಭಿಸಿ

ಅನೇಕರು ತಿನ್ನಬಹುದಾದ ಗಿಡಗಳ ಪಟ್ಟಿಯಿಂದ ಕಲಿಕೆ ಶುರುಮಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಕ್ರಮ. ಉದ್ಯಾನಗಳನ್ನು ರೂಪಿಸುವವರು ಅಂದಕ್ಕಾಗಿ ಗಿಡ ನೆಡುತ್ತಾರೆ, ಹೀಗೆ ನೆಟ್ಟವುಗಳಲ್ಲಿ ಮಾರಕವಾದವು ಕಡಿಮೆಯೇನಿಲ್ಲ. ಕಣಗಿಲೆಯ ಎಲೆ, ಹೂವು, ಕಡ್ಡಿ, ಬೇರು ಎಲ್ಲವೂ ಹೃದಯದ ಬಡಿತವನ್ನು ಕೆಡಿಸುವ ವಿಷವುಳ್ಳವು; ಅದರ ಕಡ್ಡಿಗೆ ಆಹಾರ ಚುಚ್ಚಿ ಸುಡುವುದೂ ಅದನ್ನು ಸೌದೆಯಾಗಿ ಉರಿಸುವುದೂ ಅಪಾಯ. ಹಳದಿ ಕಣಗಿಲೆಯ ಬೀಜ, ದತ್ತೂರಿಯ ಎಲ್ಲ ಭಾಗಗಳು, ಔಡಲದ ಬೀಜ, ಕೆಂಪು ಮೈಗೆ ಕಪ್ಪು ಚುಕ್ಕೆಯಿರುವ ಗುಲಗಂಜಿ, ಲಂಟಾನದ ಕಾಯಿ ಇವನ್ನು ದೂರದಿಂದಲೇ ಗುರುತಿಸುವಷ್ಟು ಪರಿಚಯ ಬೆಳೆದ ನಂತರವೇ ಮುಂದಿನ ಹೆಜ್ಜೆ ಇಡಿ. ಹಕ್ಕಿಯೋ ಅಳಿಲೋ ತಿಂದಿತೆಂಬ ಕಾರಣಕ್ಕೆ ಯಾವ ಹಣ್ಣನ್ನೂ ನಂಬಬೇಡಿ, ಏಕೆಂದರೆ ಮನುಷ್ಯರಿಗೆ ವಿಷವಾಗುವ ಹಲವು ಹಣ್ಣುಗಳು ಹಕ್ಕಿಗಳಿಗೆ ಏನೂ ಮಾಡುವುದಿಲ್ಲ.

ಅಣಬೆಯ ವಿಷಯದಲ್ಲಿ ಒಂದೇ ನಿಯಮ: ಮುಟ್ಟಬೇಡಿ. ಡೆತ್ ಕ್ಯಾಪ್ ಎಂಬ ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಅದರ ಲಕ್ಷಣಗಳು ಸಾಮಾನ್ಯವಾಗಿ 6 ಗಂಟೆಗಳ ನಂತರವೇ ಕಾಣಿಸಿಕೊಂಡು, ನಡುವೆ ರೋಗಿ ಚೇತರಿಸಿಕೊಂಡಂತೆ ತೋರಿ, ಆಮೇಲೆ ಯಕೃತ್ತು ಕೈಕೊಡುತ್ತದೆ. ಅಣಬೆಯಿಂದ ಸಿಗುವ ಶಕ್ತಿಯಾದರೋ ಸೊಪ್ಪಿನಷ್ಟೇ ಅಲ್ಪ. ಅಷ್ಟು ಸಣ್ಣ ಲಾಭಕ್ಕೆ ಜೀವವನ್ನು ಪಣಕ್ಕಿಡುವುದು ಯಾವ ಲೆಕ್ಕದಲ್ಲೂ ಸಲ್ಲದು.

ಕೆಲವೇ ಗಿಡಗಳು, ಆದರೆ ಚೆನ್ನಾಗಿ

ಐವತ್ತು ಗಿಡಗಳ ಅರೆಬರೆ ಪರಿಚಯಕ್ಕಿಂತ ಐದು ಗಿಡಗಳ ಪೂರ್ಣ ಪರಿಚಯ ಹೆಚ್ಚು ಸುರಕ್ಷಿತ. ಮೊಳಕೆಯಿಂದ ಹಿಡಿದು ಒಣಗಿ ನಿಂತ ಸ್ಥಿತಿಯವರೆಗೆ ಒಂದು ಗಿಡವನ್ನು ವರ್ಷವಿಡೀ ನೋಡಿದವರಿಗೆ ಮಾತ್ರ ಅದು ಯಾವ ವೇಷದಲ್ಲಿದ್ದರೂ ಗುರುತು ಸಿಗುತ್ತದೆ. ಗೋಣಿ ಸೊಪ್ಪನ್ನೇ ತೆಗೆದುಕೊಳ್ಳಿ. ಬಿಸಿಲು ಬೀಳುವ ಕಾಲುದಾರಿಯ ಕಲ್ಲುಗಳ ಸಂದಿಯಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ ಈ ಗಿಡದ ಕಾಂಡ ದಪ್ಪ, ನುಣುಪು, ಕೆಂಪು ಛಾಯೆಯದು. ಎಲೆ ರಸಭರಿತವಾಗಿ ಸಣ್ಣ ಚಮಚದ ಆಕಾರದಲ್ಲಿರುತ್ತದೆ. ಬಿಸಿಲೇರಿದಾಗ ಪುಟ್ಟ ಹಳದಿ ಹೂ ಅರಳುತ್ತದೆ. ಬಲಿತ ಕಾಯಿಯನ್ನು ಬೆರಳಿನಿಂದ ಮೆಲ್ಲನೆ ಒತ್ತಿದರೆ ಅದರ ಮೇಲ್ಭಾಗ ಕುಂಕುಮದ ಭರಣಿಯ ಮುಚ್ಚಳದಂತೆ ಕಳಚಿಕೊಂಡು ಒಳಗಿನ ಸಣ್ಣ ಕಪ್ಪು ಬೀಜಗಳು ಕಾಣುತ್ತವೆ. ಅದೇ ಸಂದಿಯಲ್ಲಿ, ಎಷ್ಟೋ ಸಲ ಅದರೊಡನೆ ಹೆಣೆದುಕೊಂಡೇ, ಯೂಫೋರ್ಬಿಯಾ ಜಾತಿಯ ವಿಷಕಾರಿ ಗಿಡವೂ ನೆಲಕ್ಕೆ ಹರಡಿರುತ್ತದೆ. ಅದರ ಕಾಂಡ ತಂತಿಯಂತೆ ತೆಳು, ಹಲವು ಬಾರಿ ನವಿರಾದ ರೋಮವುಳ್ಳದ್ದು; ಎಲೆ ತೆಳ್ಳಗೆ, ಒಂದಕ್ಕೊಂದು ಎದುರಾಗಿ ಜೋಡಿಯಾಗಿರುತ್ತದೆ. ಕಾಂಡವನ್ನು ಮುರಿದರೆ ಬಿಳಿ ಹಾಲು ಜಿನುಗುತ್ತದೆ. ಗೋಣಿ ಸೊಪ್ಪಿನಲ್ಲಿ ಹಾಲು ಬರುವುದೇ ಇಲ್ಲ. ಆದುದರಿಂದ ಕಂತೆಯಾಗಿ ಕಿತ್ತುಕೊಳ್ಳದೆ, ಪ್ರತಿಯೊಂದು ಎಳೆಯನ್ನೂ ಬೇರೆಬೇರೆಯಾಗಿ ಮುರಿದು ನೋಡಿಯೇ ಬುಟ್ಟಿಗೆ ಹಾಕುವ ಅಭ್ಯಾಸವಾಗಬೇಕು.

ದಂಟಿನ ಕಾಡುಜಾತಿಗಳು ಕಲಿಯಲು ಯೋಗ್ಯವಾದ ಎರಡನೆಯ ಗುಂಪು, ಏಕೆಂದರೆ ಎಳೆಯ ಎಲೆ ಸೊಪ್ಪಾಗುತ್ತದೆ, ಬಲಿತ ತೆನೆ ಕಾಳು ಕೊಡುತ್ತದೆ. ತೆನೆ ಒಣಗತೊಡಗಿದಾಗ ಬಟ್ಟೆಯ ಮೇಲೆ ಬಗ್ಗಿಸಿ ಉಜ್ಜಿ, ಹೊಟ್ಟನ್ನು ಗಾಳಿಗೆ ತೂರಿದರೆ ಹೊಳೆಯುವ ಸಣ್ಣ ಕಾಳು ಉಳಿಯುತ್ತದೆ. ಅದನ್ನು ಹುರಿದು ಅಥವಾ ಗಂಜಿಯಂತೆ ಬೇಯಿಸಿ ತಿನ್ನಬಹುದು. ಎಲೆಗಳ ಮೇಲೆ ಬಿಳಿ ಹಿಟ್ಟು ಸವರಿದಂತೆ ಕಾಣುವ ಚಕ್ಕೋತ ಸೊಪ್ಪಿನ ಜಾತಿಯ ಕಾಡುಗಿಡವೂ, ಹೃದಯಾಕಾರದ ಮೂರು ಎಲೆಗಳ ಹುಳಿ ಸೊಪ್ಪೂ ಪ್ರಪಂಚದ ಬಹುಭಾಗದಲ್ಲಿ ಸಿಗುತ್ತವೆ. ಇವೆಲ್ಲದರಲ್ಲಿಯೂ ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಲವಣ ಇರುವುದರಿಂದ ಕುದಿಸಿ ನೀರು ಬಸಿದು ತಿನ್ನುವುದು ಒಳ್ಳೆಯದು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯಿರುವವರು ಇವನ್ನು ಬಿಡುವುದೇ ಲೇಸು.

ಮರಗಳು ಇನ್ನೂ ಭರವಸೆಯವು. ಅವು ಜಾಗ ಬದಲಿಸುವುದಿಲ್ಲ, ಸಾಮಾನ್ಯವಾಗಿ ಪ್ರತಿ ವರ್ಷ ಒಂದೇ ಋತುವಿನಲ್ಲಿ ಫಲ ಕೊಡುತ್ತವೆ, ಗುರುತಿಸಲು ತೊಗಟೆ, ಎಲೆ, ಕಾಯಿ ಎಂಬ ಹಲವು ಸಾಕ್ಷಿಗಳಿರುತ್ತವೆ. ಹಿಪ್ಪುನೇರಳೆಯ ಹಣ್ಣನ್ನು ಪೂರ್ಣ ಮಾಗಿದ ಮೇಲೆ ಮಾತ್ರ ತಿನ್ನಿ; ಕಾಯಿ ಹೊಟ್ಟೆ ಕೆಡಿಸುತ್ತದೆ. ಓಕ್ ಮರದ ಕಾಯಿಯಲ್ಲಿ ಒಗರಿನ ಟ್ಯಾನಿನ್ ಬಹಳ. ಸಿಪ್ಪೆ ಸುಲಿದು, ಜಜ್ಜಿ, ನೀರಿನಲ್ಲಿ ನೆನೆಸಿ, ಕಹಿ ಹೋಗುವವರೆಗೆ ನೀರು ಬದಲಿಸುತ್ತಲೇ ಇರಬೇಕು. ಕುಡಿಯುವ ನೀರಿಗೇ ಕೊರತೆಯಿರುವಾಗ ಇದು ಆಗುವ ಕೆಲಸವಲ್ಲವೆಂಬುದನ್ನು ಮುಂಚಿತವಾಗಿ ಯೋಚಿಸಿರಿ. ಕೊಳದಂಚಿನ ಜೊಂಡಿನ ಬೇರುಗಡ್ಡೆಯಲ್ಲಿ ಪಿಷ್ಟವಿದ್ದರೂ ಅದು ಕೊಳಕು ನೀರಿನ ಲೋಹಗಳನ್ನು ಹೀರಿಕೊಳ್ಳುವುದರಿಂದ ನಗರದ ಕೊಳಗಳಲ್ಲಿ ಅದನ್ನು ನಾನು ಕೊನೆಯ ಆಯ್ಕೆಯಾಗಿಯೇ ಇಡುತ್ತೇನೆ. ನೀರುಗಿಡಗಳನ್ನು ಹಸಿಯಾಗಿ ತಿನ್ನಲೇಬಾರದು. ಯಕೃತ್ತಿನ ಚಪ್ಪಟೆಹುಳು ಆ ದಾರಿಯಲ್ಲಿಯೇ ದೇಹ ಸೇರುತ್ತದೆ.

ಎಲ್ಲಿಂದ ಕೀಳಬೇಕು

ಗಿಡ ಸರಿಯಾದುದೆಂದ ಮಾತ್ರಕ್ಕೆ ಅದು ನಿಂತ ನೆಲ ಸರಿಯೆನ್ನಲಾಗದು. ಸೀಸ ಬೆರೆಸಿದ ಪೆಟ್ರೋಲನ್ನು ವಾಹನಗಳಿಗೆ ಮಾರುವುದು ಪ್ರಪಂಚದಲ್ಲಿ ಪೂರ್ತಿಯಾಗಿ ನಿಂತದ್ದು 2021ರಲ್ಲಿ. ದಶಕಗಳ ಕಾಲ ಹೊಗೆಯೊಡನೆ ಹೊರಬಿದ್ದ ಸೀಸ ಕರಗದೆ ರಸ್ತೆಬದಿಯ ಮಣ್ಣಿನಲ್ಲಿಯೇ ಉಳಿದಿದೆ. ಹೆದ್ದಾರಿ, ಹಳೆಯ ಕಾರ್ಖಾನೆ, ವಾಹನ ನಿಲ್ದಾಣಗಳ ಅಂಚನ್ನು ಬಿಟ್ಟು ಉದ್ಯಾನದ ಒಳಭಾಗವನ್ನು ಆರಿಸಿಕೊಳ್ಳಿ. ಸಂಶಯವಿದ್ದರೆ ಸೊಪ್ಪು, ಗೆಡ್ಡೆಗಳಿಗಿಂತ ಮರದ ಹಣ್ಣು ವಾಸಿ, ಏಕೆಂದರೆ ಮಣ್ಣಿನ ಸೀಸ ಹಣ್ಣಿನವರೆಗೆ ತಲುಪುವುದು ಅತ್ಯಲ್ಪ. ಕಾಲುದಾರಿಯ ಉದ್ದಕ್ಕೂ ಒಂದೇ ಅಗಲದ ಪಟ್ಟಿಯಲ್ಲಿ ಕಳೆಗಳೆಲ್ಲ ಹಳದಿಯಾಗಿ ಸುರುಟಿಕೊಂಡಿದ್ದರೆ ಅಲ್ಲಿ ಕಳೆನಾಶಕ ಸಿಂಪಡಿಸಿರುವ ಸಾಧ್ಯತೆ ಹೆಚ್ಚು. ನಾಯಿಗಳನ್ನು ಅಡ್ಡಾಡಿಸುವ ಜಾಗದ ಬಗ್ಗೆ ಹೇಳಬೇಕಾಗಿಯೇ ಇಲ್ಲ.

ಬಹುತೇಕ ಉದ್ಯಾನಗಳಲ್ಲಿ ಗಿಡ ಕೀಳುವುದಕ್ಕೆ ನಿಷೇಧವಿರುತ್ತದೆ. ಈಗ ಬೇಕಾಗಿರುವುದು ನೋಡಿ ಗುರುತು ಹಾಕಿಕೊಳ್ಳುವುದಷ್ಟೇ. ಕೈಬರಹದ ಒಂದು ನಕ್ಷೆಯಲ್ಲಿ ಯಾವ ಮರ ಎಲ್ಲಿದೆ, ಯಾವ ತಿಂಗಳು ಹಣ್ಣಾಯಿತು ಎಂಬುದನ್ನು ಬರೆದಿಡಿ. ಗಿಡ ಗುರುತಿಸುವ ಮೊಬೈಲ್ ಆ್ಯಪ್ ಹೇಳಿದ ಹೆಸರನ್ನು ಸುಳಿವಾಗಿ ಮಾತ್ರ ಸ್ವೀಕರಿಸಿ, ಸಸ್ಯಶಾಸ್ತ್ರದ ಪುಸ್ತಕದೊಡನೆಯೂ ಬಲ್ಲವರೊಡನೆಯೂ ತಾಳೆ ನೋಡಿರಿ. ವಿದ್ಯುತ್ತಿಲ್ಲದ ದಿನ ಆ್ಯಪ್ ಕೂಡ ಇರುವುದಿಲ್ಲ.

ಗೊತ್ತಿಲ್ಲದ ಗಿಡವನ್ನು ಚರ್ಮಕ್ಕೆ, ತುಟಿಗೆ, ನಾಲಿಗೆಗೆ ತಾಗಿಸಿ, ಕೊನೆಗೆ ಚೂರು ನುಂಗಿ ಪರೀಕ್ಷಿಸುವ ವಿಧಾನವೊಂದು ಸೈನಿಕರ ಕೈಪಿಡಿಗಳಲ್ಲಿದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಕೆಲವು ಗಿಡಗಳ ಚೂರೇ ಅಪಾಯಕ್ಕೆ ಸಾಕು, ಇನ್ನು ಕೆಲವುಗಳ ವಿಷ ಪರೀಕ್ಷೆಯ ಅವಧಿ ಮುಗಿದ ಮೇಲೆ ತಲೆಯೆತ್ತುತ್ತದೆ. ಖಚಿತವಾಗಿ ಗೊತ್ತಿರುವ ಗಿಡವನ್ನೂ ಮೊದಲ ಸಲ ಬೇಯಿಸಿ, ಎರಡು ತುತ್ತಿನಷ್ಟು ಮಾತ್ರ ತಿಂದು, ಒಂದು ದಿನ ಕಾಯಬೇಕು. ಒಂದೇ ಹೊತ್ತಿಗೆ ಎರಡು ಹೊಸ ಗಿಡಗಳನ್ನು ಬೆರೆಸಬಾರದು. ಮಕ್ಕಳಿಗೂ ಗರ್ಭಿಣಿಯರಿಗೂ ಇಂಥ ಪ್ರಯೋಗ ಬೇಡವೇ ಬೇಡ.

ಪ್ರತಿ ಸಲವೂ ಎಲೆ, ಕಾಂಡ, ಕಾಯಿ ಸಮೇತ ಬೇಯಿಸದ ಒಂದು ಕಡ್ಡಿಯನ್ನು ತೆಗೆದಿಡಿ. ವಾಂತಿ, ಬಾಯಿ ಉರಿ, ಎದೆಬಡಿತದಲ್ಲಿ ಏರುಪೇರು, ಕಣ್ಣು ಮಂಜಾಗುವುದು, ಗೊಂದಲದ ಮಾತು ಇವುಗಳಲ್ಲಿ ಯಾವುದು ಕಂಡರೂ ಬಾಯಲ್ಲಿರುವುದನ್ನು ಉಗಿದು, ಬಲವಂತವಾಗಿ ವಾಂತಿ ಮಾಡಿಸದೆ, ತಿಂದ ಸಮಯವನ್ನು ಬರೆದುಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಿ. ಆ ಕಡ್ಡಿಯನ್ನು ವೈದ್ಯರ ಕೈಗೆ ಕೊಟ್ಟರೆ ಯಾವ ವಿಷವೆಂದು ಪತ್ತೆಹಚ್ಚುವುದು ಅವರಿಗೆ ಸುಲಭವಾಗುತ್ತದೆ.