ಹಳೇ ಕಂಪ್ಯೂಟರಿನಲ್ಲಿ ಸಿಡಿ ಓದಿಸುವುದು ಹೇಗೆ: ಡಿಸ್ಕ್ ಉಜ್ಜುವ ಮೊದಲು ಇದನ್ನು ಓದಿ

ಹಳೇ ಕಂಪ್ಯೂಟರಿಗೆ ಸಿಡಿ ಹಾಕಿದ್ದೀರಿ. ಡ್ರೈವ್ ಗುರ್ ಅಂತ ತಿರುಗುತ್ತದೆ, ದೀಪ ನಾಲ್ಕು ಸಲ ಮಿನುಗುತ್ತದೆ, ಆಮೇಲೆ ಏನೂ ಇಲ್ಲ. ಆಗ ಎಲ್ಲರೂ ಮಾಡುವ ಮೊದಲ ಕೆಲಸ ಡಿಸ್ಕನ್ನು ಹೊರಗೆ ತೆಗೆದು ಅಂಗಿಯ ತುದಿಯಲ್ಲಿ ಉಜ್ಜುವುದು. ಸುಮ್ನೆ ಉಜ್ಜಬೇಡಿ. ನಾನು ಕಂಡಂತೆ ಹೆಚ್ಚಿನ ಸಲ ಡಿಸ್ಕಿನ ತಪ್ಪೇ ಇರುವುದಿಲ್ಲ.

ಒಂದು ಸಿಡಿ ಓದಬೇಕಾದರೆ ಮೂರು ಕೆಲಸ ಆಗಬೇಕು. ಡ್ರೈವಿನ ಲೇಸರಿಗೆ ಡಿಸ್ಕ್ ಕಾಣಬೇಕು. ಡ್ರೈವಿನ ಜೊತೆ ಮಾತಾಡಲು ಕಂಪ್ಯೂಟರಿನಲ್ಲಿ ಡ್ರೈವರ್ ಅನ್ನುವ ಪ್ರೋಗ್ರಾಮ್ ಇರಬೇಕು. ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಟ್ಟ ಕ್ರಮ ಗೊತ್ತಿರುವ ಇನ್ನೊಂದು ಪ್ರೋಗ್ರಾಮ್ ಬೇಕು. ಸಿಡಿ ಡ್ರೈವ್ ಇರುವ ಹೊಸ ಕಂಪ್ಯೂಟರುಗಳಲ್ಲಿ ಇವು ಮೂರೂ ಒಟ್ಟಿಗೇ ಬರುವುದರಿಂದ ನಮಗೆ ಬೇರೆ ಬೇರೆ ಅಂತ ಗೊತ್ತೇ ಆಗುವುದಿಲ್ಲ. ಹಳೇದರಲ್ಲಿ ಇವು ನಿಜವಾಗಿಯೂ ಬೇರೆ ಬೇರೆ, ಯಾವುದು ಕೈಕೊಟ್ಟಿದೆ ಅಂತ ಕಂಡುಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆ ಜೋಡಿಸುವ ಕ್ರಮದ ಹೆಸರು ಐಎಸ್ಒ 9660. 1988ರಲ್ಲಿ ಬಂದದ್ದು. ಅದಕ್ಕೂ ಮೊದಲು ಹೈ ಸಿಯೆರಾ ಅಂತ ಇತ್ತು. 1985ರಲ್ಲಿ ಹಲವು ಕಂಪನಿಯವರು ಅಮೆರಿಕದ ಲೇಕ್ ಟಾಹೋ ಹತ್ತಿರ ಆ ಹೆಸರಿನ ಹೋಟೆಲ್ಲಿನಲ್ಲಿ ಸೇರಿ ಮಾತಾಡಿದ್ದರಿಂದ ಆ ಹೆಸರು. ಎರಡೂ ತುಂಬಾ ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ತುಂಬಾ ಹಳೇ ಡಿಸ್ಕ್ ಇದ್ದರೆ ಇದು ನೆನಪಿರಲಿ.

ನಿಮ್ಮ ಡಿಸ್ಕ್ ಯಾವ ಜಾತಿಯದ್ದು ಅಂತ ಕಣ್ಣಾರೆ ನೋಡಬಹುದು. ಹೊಸ ಕಂಪ್ಯೂಟರಿನಲ್ಲಿ ಅದರ ಇಮೇಜ್ ಫೈಲ್, ಅಂದರೆ ಇಡೀ ಡಿಸ್ಕಿನ ನಕಲು, ಮಾಡಿಕೊಳ್ಳಿ, ಬೈಟುಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆಯಿರಿ. ಡಿಸ್ಕನ್ನು ಸೆಕ್ಟರ್ ಅನ್ನುವ ತುಂಡುಗಳಾಗಿ ಭಾಗಿಸಿರುತ್ತಾರೆ, ಒಂದೊಂದರಲ್ಲಿ 2048 ಬೈಟು. ಮೊದಲ 16 ಸೆಕ್ಟರನ್ನು ಬಿಟ್ಟುಬಿಡಿ, ಅದು ಸಿಸ್ಟಮಿಗೆ ಅಂತ ಕಾದಿರಿಸಿದ ಜಾಗ. 32768ನೇ ಬೈಟಿಗೆ ಹೋದರೆ ಅಲ್ಲಿ 1 ಅಂತ ಒಂದು ಬೈಟು, ಅದರ ಬೆನ್ನಿಗೇ ಇಂಗ್ಲಿಷಿನಲ್ಲಿ 'ಸಿಡಿ001' ಅನ್ನುವ ಐದು ಅಕ್ಷರ. ಇದ್ದರೆ ಅದು ಐಎಸ್ಒ 9660. ಹಾಗಲ್ಲದೆ ಎಂಟು ಬೈಟು ಮುಂದೆ 'ಸಿಡಿರಾಮ್' ಅಂತ ಕಂಡರೆ ಹೈ ಸಿಯೆರಾ. ಮುಂದಿನ ಸೆಕ್ಟರುಗಳಲ್ಲಿ 2ರಿಂದ ಶುರುವಾಗುವುದೊಂದು ಇದ್ದರೆ ಬಹುಮಟ್ಟಿಗೆ ಅದು ಜೋಲಿಯೆಟ್, ಅಂದರೆ ಉದ್ದ ಹೆಸರುಗಳಿಗಾಗಿ ಮೈಕ್ರೋಸಾಫ್ಟ್ ಸೇರಿಸಿದ ಎರಡನೇ ಪಟ್ಟಿ. ಹಳೇ ಸಿಸ್ಟಮ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಮೊದಲ ಪಟ್ಟಿಯನ್ನೇ ಓದಿಕೊಳ್ಳುತ್ತದೆ. ಒಂದು ತಮಾಷೆ ಅಂದರೆ ಇಲ್ಲಿ ದೊಡ್ಡ ಸಂಖ್ಯೆಗಳನ್ನು ಎರಡೆರಡು ಸಲ ಬರೆದಿರುತ್ತಾರೆ, ಒಮ್ಮೆ ಚಿಕ್ಕ ಬೈಟು ಮೊದಲು, ಇನ್ನೊಮ್ಮೆ ದೊಡ್ಡ ಬೈಟು ಮೊದಲು. ಚಿಕ್ಕದನ್ನು ಮೊದಲು ಓದುವ ಇಂಟೆಲ್ ಚಿಪ್ಪಿನ ಕಡೆಯವರಿಗೂ ಬೇಜಾರಾಗಬಾರದು, ದೊಡ್ಡದನ್ನು ಮೊದಲು ಓದುವ ಮೋಟೊರೋಲಾ ಚಿಪ್ಪಿನ ಕಡೆಯವರಿಗೂ ಬೇಜಾರಾಗಬಾರದು, ಅಲ್ವಾ!

ಈಗ ಡಾಸ್, ಅಂದರೆ ವಿಂಡೋಸಿಗಿಂತ ಮೊದಲಿನ ಮೈಕ್ರೋಸಾಫ್ಟ್ ಸಿಸ್ಟಮ್, ಅದರ ವಿಷಯಕ್ಕೆ ಬರೋಣ, ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಕಂಪ್ಯೂಟರ್ ಶುರುವಾಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಡ್ರೈವರಿನ ಸಾಲು ಇರಬೇಕು. ಮಾಮೂಲಿ ಪಿಸಿಗಳಲ್ಲಿರುವ ಐಡಿಇ ಜೋಡಣೆಯ ಡ್ರೈವ್ ಆದರೆ ವಿಂಡೋಸ್ 98ರ ಬೂಟ್ (ಕಂಪ್ಯೂಟರ್ ಶುರುಮಾಡುವ) ಫ್ಲಾಪಿಯಲ್ಲಿರುವ ಓಕ್‌ಸಿಡಿರಾಮ್.ಸಿಸ್ ಬಹಳ ಡ್ರೈವುಗಳಿಗೆ ಆಗುತ್ತದೆ. ಸಾಲಿನ ಕೊನೆಯಲ್ಲಿ ಸ್ಲಾಶ್, ಡಿ, ಕೋಲನ್ ಹಾಕಿ ಒಂದು ಹೆಸರು ಕೊಡಬೇಕು, ರೂಢಿಯಲ್ಲಿ ಎಂಎಸ್‌ಸಿಡಿ001. ಆಮೇಲೆ, ಅದರ ನಂತರ ಓಡುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಎಂಎಸ್‌ಸಿಡೆಕ್ಸ್ ಸಾಲು. ಫೈಲುಗಳ ಕ್ರಮ ಗೊತ್ತಿರುವ ಪ್ರೋಗ್ರಾಮ್ ಇದೇ. ಅದರ ಸಾಲಿನಲ್ಲೂ ಸ್ಲಾಶ್ ಡಿ ಕೋಲನ್, ಅದೇ ಹೆಸರು. ಒಂದಕ್ಷರ ಹೆಚ್ಚುಕಮ್ಮಿ ಆದರೂ ಡಿವೈಸ್ ಡ್ರೈವರ್ ಸಿಗಲಿಲ್ಲ ಅಂತ ಗೊಣಗುತ್ತದೆ. ಒಮ್ಮೆ ನಾನು ಕೊನೆಯ ಸೊನ್ನೆಗೆ ಬದಲು ಇಂಗ್ಲಿಷ್ ಓ ಅಕ್ಷರ ಒತ್ತಿ, ಅರ್ಧ ಸಂಜೆ ಕೇಬಲ್ ಬಿಚ್ಚಿ ಹಾಕಿ ಮಾಡುತ್ತಾ ಕೂತಿದ್ದೆ.

ಡಾಸ್ ಕೊಡುವ ತಪ್ಪಿನ ಸಂದೇಶವನ್ನು ಗಮನವಿಟ್ಟು ಓದಿ, ಎಲ್ಲಿ ಕೆಟ್ಟಿದೆ ಅಂತ ಅದೇ ಹೇಳುತ್ತದೆ. ಡಿ ಡ್ರೈವಿಗೆ ಹೋದಾಗ 'ಇನ್‌ವ್ಯಾಲಿಡ್ ಡ್ರೈವ್' ಅಂದರೆ ಎಂಎಸ್‌ಸಿಡೆಕ್ಸ್ ಓಡಿಯೇ ಇಲ್ಲ. ಸಿಡಿಆರ್101, 'ನಾಟ್ ರೆಡಿ' ಅಂದರೆ ಪ್ರೋಗ್ರಾಮುಗಳೆಲ್ಲ ಸರಿ, ಆದರೆ ಲೇಸರಿಗೆ ಡಿಸ್ಕ್ ಕಾಣುತ್ತಿಲ್ಲ. ಸಿಡಿಆರ್103 ಅಂದರೆ ಡಿಸ್ಕ್ ಕಾಣುತ್ತಿದೆ, ಆದರೆ ಅದು ಐಎಸ್ಒ 9660 ಕೂಡ ಅಲ್ಲ, ಹೈ ಸಿಯೆರಾ ಕೂಡ ಅಲ್ಲ. ಡ್ರೈವ್ ಅಕ್ಷರ ಸಾಲದು ಅಂದರೆ ಕಾನ್ಫಿಗ್.ಸಿಸ್‌ನಲ್ಲಿ ಲಾಸ್ಟ್‌ಡ್ರೈವ್ ಅನ್ನು ಝಡ್ ಮಾಡಿ. ಸ್ಮಾರ್ಟ್‌ಡ್ರೈವ್ (ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಅಂದರೆ ಕ್ಯಾಶ್ ಮಾಡಿ, ವೇಗ ಹೆಚ್ಚಿಸುವ ಪ್ರೋಗ್ರಾಮ್) ಬಳಸುವವರು ಅದರ ಸಾಲನ್ನು ಎಂಎಸ್‌ಸಿಡೆಕ್ಸ್ ಆದ ಮೇಲೆ ಇಡಿ, ಇಲ್ಲದಿದ್ದರೆ ಸಿಡಿಗೆ ಕ್ಯಾಶ್ ಸಿಗುವುದಿಲ್ಲ. ಇದು ಕೆಲಸ ಮಾಡುವುದು ಡಾಸ್ 6.2 ಮತ್ತು ಅದರ ನಂತರದ ಸ್ಮಾರ್ಟ್‌ಡ್ರೈವಿನಲ್ಲಿ.

ಮ್ಯಾಕಿನಲ್ಲಿ, ಅಂದರೆ ಹಳೇ ಸಿಸ್ಟಮ್ 7ರ ಕಾಲದ್ದರಲ್ಲಿ, ಇದೇ ಕೆಲಸಗಳು ಎಕ್ಸ್‌ಟೆನ್ಶನ್ಸ್ ಫೋಲ್ಡರಿನಲ್ಲಿ ಮೂರು ಫೈಲುಗಳಾಗಿ ಕೂತಿರುತ್ತವೆ: ಆಪಲ್ ಸಿಡಿ-ರಾಮ್, ಫಾರಿನ್ ಫೈಲ್ ಆಕ್ಸೆಸ್, ಐಎಸ್ಒ 9660 ಫೈಲ್ ಆಕ್ಸೆಸ್. ಕೊನೆಯ ಎರಡು ಇಲ್ಲದಿದ್ದರೆ ಮ್ಯಾಕಿನ ಡಿಸ್ಕುಗಳು ಚೆನ್ನಾಗಿ ತೆರೆಯುತ್ತವೆ, ಐಎಸ್ಒ 9660 ಡಿಸ್ಕ್ ಮಾತ್ರ ತೆರೆಯುವುದಿಲ್ಲ. ಫೈಲುಗಳನ್ನು ಹಾಕಿ ರೀಸ್ಟಾರ್ಟ್ ಮಾಡಿ. ಡಿಸ್ಕ್ ತೆರೆದರೂ ಫೈಲುಗಳೆಲ್ಲ ಒಂದೇ ಬಿಳಿ ಹಾಳೆಯ ಐಕಾನ್ ತೋರಿಸಬಹುದು, ಯಾಕೆಂದರೆ ಯಾವ ಬಗೆಯ ಫೈಲ್, ಯಾವ ಪ್ರೋಗ್ರಾಮಿನದು ಅನ್ನುವ, ಮ್ಯಾಕಿಗೆ ಬೇಕಾದ ಟೈಪ್, ಕ್ರಿಯೇಟರ್ ಮಾಹಿತಿ ಅದರಲ್ಲಿಲ್ಲ. ಪ್ರೋಗ್ರಾಮನ್ನು ಮೊದಲು ತೆರೆದು ಅದರೊಳಗಿಂದ ಫೈಲ್ ತೆರೆಯಿರಿ. ಮ್ಯಾಕ್ ಪ್ರೋಗ್ರಾಮುಗಳನ್ನು ಹೀಗೇ ಬಿಡಿಬಿಡಿಯಾಗಿ ಈ ಡಿಸ್ಕಿಗೆ ಹಾಕಬೇಡಿ. ರಿಸೋರ್ಸ್ ಫೋರ್ಕ್, ಅಂದರೆ ಮ್ಯಾಕ್ ಫೈಲಿನ ಎರಡನೇ ಭಾಗ, ಕಳೆದುಹೋಗಿ ಅವು ಓಡುವುದಿಲ್ಲ. ಸ್ಟಫ್‌ಇಟ್ ಅನ್ನುವ ಪ್ರೋಗ್ರಾಮಿನಲ್ಲಿ ಒಂದೇ ಫೈಲಾಗಿ ಕಟ್ಟಿಯೇ ಹಾಕಿ.

ಸನ್ ಕಂಪನಿಯ ಯುನಿಕ್ಸ್ ಯಂತ್ರಗಳಲ್ಲಿ ಈ ಕ್ರಮವನ್ನು ಓದುವ ಫೈಲ್ ಸಿಸ್ಟಮಿನ ಹೆಸರು ಹೆಚ್‌ಎಸ್‌ಎಫ್‌ಎಸ್, ಹೈ ಸಿಯೆರಾದ ನೆನಪು ಅಲ್ಲಿ ಉಳಿದಿದೆ. ಲಿನಕ್ಸಿನಲ್ಲಿ ಐಎಸ್ಒ9660, ಯುನಿಕ್ಸಿನ ಇನ್ನೊಂದು ಕುಟುಂಬವಾದ ಬಿಎಸ್‌ಡಿಗಳಲ್ಲಿ ಸಿಡಿ9660. ಮೌಂಟ್ ಮಾಡುವಾಗ, ಅಂದರೆ ಡಿಸ್ಕನ್ನು ಸಿಸ್ಟಮಿಗೆ ಜೋಡಿಸುವಾಗ, ಓದಲು ಮಾತ್ರ ಅಂತ ಹೇಳಿ, ಇಲ್ಲದಿದ್ದರೆ ಕೆಲವು ಸಿಸ್ಟಮ್ ನಿರಾಕರಿಸುತ್ತವೆ. ಹಳೇ ಸನ್ ಯಂತ್ರವನ್ನು ಸಿಡಿಯಿಂದ ಬೂಟ್ ಮಾಡಬೇಕಿದ್ದರೆ 512 ಬೈಟಿನ ಬ್ಲಾಕಿನಲ್ಲಿ ಓದಬಲ್ಲ ಸ್ಕಸಿ (ಐಡಿಇ ಅಲ್ಲದ ಇನ್ನೊಂದು ಬಗೆಯ ಜೋಡಣೆ) ಡ್ರೈವ್ ಬೇಕು. ಎಲ್ಲ ಡ್ರೈವಿಗೂ ಅದು ಬರುವುದಿಲ್ಲ.

ಇನ್ನು ಲೇಸರಿಗೆ ಡಿಸ್ಕ್ ಕಾಣದಿದ್ದರೆ? ಕಾರ್ಖಾನೆಯಲ್ಲಿ ಒತ್ತಿದ ಸಿಡಿ ಚೆನ್ನಾಗಿ ಹೊಳೆಯುತ್ತದೆ. ಒಮ್ಮೆ ಮಾತ್ರ ಬರೆಯಬಹುದಾದ ಸಿಡಿ-ಆರ್ ಸ್ವಲ್ಪ ಕಡಿಮೆ. ಸಿಡಿ-ಆರ್‌ಡಬ್ಲ್ಯೂ ವಾಪಸ್ ಕೊಡುವ ಬೆಳಕು ಎಷ್ಟು ಕಡಿಮೆ ಅಂದರೆ ಹಳೇ ಡ್ರೈವಿಗೆ ಅಲ್ಲಿ ಡಿಸ್ಕ್ ಇದೆ ಅಂತಲೇ ಗೊತ್ತಾಗುವುದಿಲ್ಲ. ಹಾಗಾಗಿ ಮತ್ತೆ ಮತ್ತೆ ಬರೆಯಬಹುದು ಅಂತ ಆಸೆಪಟ್ಟು ಆರ್‌ಡಬ್ಲ್ಯೂ ತಗೊಳ್ಳಬೇಡಿ, ಸಿಡಿ-ಆರ್ ತಗೊಳ್ಳಿ. ಸಿಕ್ಕರೆ 74 ನಿಮಿಷದ್ದು. 80 ನಿಮಿಷದ್ದೇ ಆದರೆ ಅಂಚಿನವರೆಗೂ ತುಂಬಿಸಬೇಡಿ.

ಬರೆಯುವಾಗ ಒಂದೇ ಸೆಶನಿನಲ್ಲಿ, ಅಂದರೆ ಒಂದೇ ಸಲಕ್ಕೆ ಎಲ್ಲವನ್ನೂ, ಬರೆದು ಡಿಸ್ಕನ್ನು ಮುಚ್ಚಿಬಿಡಿ. ತುಂಬಾ ಹಳೇ ಡ್ರೈವುಗಳು ಮೊದಲ ಸೆಶನ್ ಮಾತ್ರ ನೋಡುತ್ತವೆ, ಆಮೇಲೆ ಸೇರಿಸಿದ್ದು ಇಲ್ಲವೇ ಇಲ್ಲ ಅನ್ನುವ ಹಾಗೆ. ವಿಂಡೋಸ್ 7ರಂಥವು ಬರೆಯುವ ಮೊದಲು ಯುಎಸ್‌ಬಿ ಡ್ರೈವಿನ ಹಾಗೆ ಬೇಕಾ, ಸಿಡಿ ಪ್ಲೇಯರಿಗಾ ಅಂತ ಕೇಳುತ್ತವೆ. ಎರಡನೆಯದನ್ನೇ ಒತ್ತಿ. ಮೊದಲನೆಯದು ಯುಡಿಎಫ್ ಅನ್ನುವ ಬೇರೆ ಕ್ರಮದಲ್ಲಿ ಬರೆಯುತ್ತದೆ, ಡಾಸ್ ಅದನ್ನು ನೋಡಿ ಸಿಡಿಆರ್103 ಅನ್ನುತ್ತದೆ. ಲಿನಕ್ಸಿನವರು ಜೆನ್‌ಐಸೋಇಮೇಜ್ ಅನ್ನುವ ಪ್ರೋಗ್ರಾಮ್ ಬಳಸಿ ಐಎಸ್ಒ ಲೆವೆಲ್ 1, ಅಂದರೆ ಅತ್ಯಂತ ಕಟ್ಟುನಿಟ್ಟಾದ ಮಟ್ಟ, ಅಂತ ಕೇಳಿ. ಆಗ ಹೆಸರಿಗೆ ಎಂಟು ಅಕ್ಷರ, ಚುಕ್ಕಿಯ ನಂತರ ಮೂರು, ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ. ಫೋಲ್ಡರಿನೊಳಗೆ ಫೋಲ್ಡರ್ ಎಂಟು ಮಟ್ಟದ ತನಕ. ಹೆಸರುಗಳನ್ನು ನೀವೇ ಮೊದಲೇ ಚಿಕ್ಕದು ಮಾಡಿಕೊಳ್ಳಿ. ಪ್ರೋಗ್ರಾಮಿಗೆ ಬಿಟ್ಟರೆ 'ರಿಪೋರ್ಟ್‌ಜೂನ್', 'ರಿಪೋರ್ಟ್‌ಜುಲೈ' ಎರಡನ್ನೂ ಕತ್ತರಿಸಿ, ಯಾವುದು ಯಾವುದು ಅಂತ ನಿಮಗೇ ತಿಳಿಯದ ಹಾಗೆ ಮಾಡಿಟ್ಟಿರುತ್ತದೆ.

ಡಿಸ್ಕ್ ಓದಿದ ಮೇಲೆ ಹೆಸರಿನ ಕೊನೆಯಲ್ಲಿ ಅರ್ಧವಿರಾಮ ಮತ್ತು 1 ಅಂಟಿಕೊಂಡಿದ್ದರೆ ಗಾಬರಿ ಬೇಡ. ಅದು ಫೈಲಿನ ಆವೃತ್ತಿ ಸಂಖ್ಯೆ, ಡಾಸ್ ಮುಚ್ಚಿಡುತ್ತದೆ, ಕೆಲವು ಸಿಸ್ಟಮ್ ಹಾಗೇ ತೋರಿಸುತ್ತವೆ. ಯುನಿಕ್ಸಿನಲ್ಲಿ ಮಾತ್ರ ಆ ಹೆಸರನ್ನು ಟೈಪ್ ಮಾಡುವಾಗ ಉದ್ಧರಣ ಚಿಹ್ನೆಯೊಳಗೆ ಹಾಕಿ. ಇಲ್ಲದಿದ್ದರೆ ಕಮಾಂಡ್ ಓದುವ ಪ್ರೋಗ್ರಾಮ್ ಆದ ಶೆಲ್ ಅರ್ಧವಿರಾಮದಲ್ಲೇ ಕಮಾಂಡ್ ಮುಗಿಯಿತು ಅಂದುಕೊಂಡು, 1 ಅನ್ನುವ ಹೊಸ ಕಮಾಂಡ್ ಹುಡುಕಿಕೊಂಡು ಹೋಗುತ್ತದೆ.