ಸ್ಕೀಯಿಂಗ್‌ಗೆ ಹೋಗೋಕ್ ಮುಂಚೆ ತೊಡೆ ಗಟ್ಟಿ ಮಾಡ್ಕೊಳ್ಳಿ

ಅಡಿಕೆ ಕೊಯ್ಲು ಮುಗಿಸ್ಕೊಂಡು ಫೆಬ್ರವರಿಲಿ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಸ್ಕೀಯಿಂಗ್‌ಗೆ, ಅಂದ್ರೆ ಕಾಲಿಗೆ ಉದ್ದ ಪಟ್ಟಿ ಕಟ್ಕೊಂಡು ಹಿಮದ ಮೇಲೆ ಜಾರೋಕೆ, ಹೋಗ್ಬೇಕು ಅಂತಿರೋರು ಡಿಸೆಂಬರ್‌ನಲ್ಲೇ ಶುರು ಮಾಡ್ಬಿಡಿ, 6ರಿಂದ 8 ವಾರ ಬೇಕೇ ಬೇಕು. ಮೊಣಕಾಲು ಬಗ್ಗಿಸ್ಕೊಂಡು ಇಳಿಜಾರಲ್ಲಿ ಮೈಭಾರ ತಡೀತಾ ಇರ್ಬೇಕಲ್ಲ, ಹಂಗಾಗಿ ಮೊದ್ಲು ಸೋಲೋದೇ ತೊಡೆ.

ಅದಕ್ಕೆ ಜಿಮ್ಮೇ ಬೇಕಂತಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿ ಮೇಲೆ ಕೂತಂಗೆ ಕೂತ್ಕೊಳ್ಳಿ, 30 ಸೆಕೆಂಡ್, 3 ಸಲ. ಮೊದಲ ದಿನ ಜಗಲಿ ಗೋಡೆಗೆ ಒರಗಿ ಕೂತಾಗ ನಂಗೆ 20 ಸೆಕೆಂಡಿಗೇ ತೊಡೆ ಗಡಗಡ ನಡುಗ್ತು, ತಿಂಗಳಾಗೋದ್ರೊಳಗೆ ಒಂದೂವರೆ ನಿಮಿಷ ಆರಾಮಾಗಿ ಕೂರ್ತಿದ್ದೆ.

ಭಾನುವಾರ ಕವಲೇದುರ್ಗನೋ 1,343 ಮೀಟರ್ ಎತ್ತರದ ಕೊಡಚಾದ್ರಿನೋ ಹತ್ತಿ, ಆದ್ರೆ ನಿಜವಾದ ಪ್ರಾಕ್ಟೀಸ್ ಇರೋದು ಇಳಿಯೋದ್ರಲ್ಲಿ, ಇಳಿಯುವಾಗ ತೊಡೆ ಸ್ನಾಯು ಹಿಗ್ತಾ ಹಿಗ್ತಾನೇ ಭಾರ ತಡೀಬೇಕು, ಸ್ಕೀ ಮೇಲೂ ಅದೇ ಕೆಲ್ಸ, ಅದಕ್ಕೇ ದಯವಿಟ್ಟು ಜೀಪಲ್ಲಿ ವಾಪಸ್ ಬರ್ಬೇಡಿ. ಸಣ್ಣ ಹೆಜ್ಜೆ ಇಡಿ, ಮಂಡಿ ಸ್ವಲ್ಪ ಬಗ್ಗೇ ಇರ್ಲಿ, ಮಂಡಿ ಒಳಗಡೆ ವಾಲ್ದಂಗೆ ನೋಡ್ಕೊಳ್ಳಿ, ಯಾಕಂದ್ರೆ ಸ್ಕೀಯಿಂಗ್‌ನಲ್ಲಿ ಜಾಸ್ತಿ ಪೆಟ್ಟಾಗೋದೇ ಮಂಡಿಗೆ. ಆಗ್ಲೇ ಮಂಡಿ ನೋವಿದ್ರೆ ಡಾಕ್ಟರಿಗೆ ತೋರಿಸ್ಕೊಂಡೇ ಶುರು ಮಾಡಿ.

ಬ್ಯಾಲೆನ್ಸ್‌ಗೆ ದಿನಾ ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಿ, ಕಾಲು ಬದಲಾಯಿಸ್ತಾ ಇರಿ. ವಾರಕ್ಕೆ 3 ದಿನ ಬೆಳಿಗ್ಗೆ ಅರ್ಧ ಗಂಟೆ ಬಿರಬಿರನೆ ನಡೀರಿ.

ಇನ್ನೊಂದು, ನಮ್ ಶಿವಮೊಗ್ಗ 600 ಮೀಟರ್ ಒಳಗೇ ಇದೆ, ಗುಲ್ಮಾರ್ಗ್ ಸುಮಾರು 2,650 ಮೀಟರ್, ಎಷ್ಟೇ ಫಿಟ್ ಇದ್ರೂ ಅಲ್ಲಿ ಏದುಸಿರು ಬರುತ್ತೆ, ಮೊದಲ ದಿನ ಸುಮ್ನೆ ಓಡಾಡ್ಕೊಂಡು ಚೆನ್ನಾಗಿ ನೀರು ಕುಡ್ಕೊಂಡಿರಿ, ಸ್ಕೀ ಮಾರನೇ ದಿನ ಕಟ್ಕೊಳ್ಳಿ.