ಮೈಗೆ ಬಣ್ಣ ಬಳಿಯದೆ ಸ್ಟಾರ್ಮ್ ವೇಷ ಕಟ್ಟಿದೆ: ನನ್ನ ಅನುಭವ

ಮೈಗೆ ಒಂದು ಹನಿ ಕಪ್ಪು ಬಣ್ಣವನ್ನೂ ಸೋಕಿಸದೆ ಎಕ್ಸ್-ಮೆನ್ ಕಾಮಿಕ್ಸ್‌ನಲ್ಲಿ ಮಳೆ, ಮಿಂಚನ್ನು ಆಳುವ ಬಿಳಿ ಕೂದಲಿನ ಕಪ್ಪು ನಾಯಕಿ ಸ್ಟಾರ್ಮ್‌ಳ ವೇಷ ಕಟ್ಟಿದೆ. ಜನ ಗುರುತು ಹಿಡಿದರು, ಹೆಸರಿಟ್ಟು ಕೂಗಿದರು, ಸಾಲಿನಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಸಂಜೆಯ ಸ್ಪರ್ಧೆಯಲ್ಲಿ ಕೈಕೆಲಸದ ವಿಭಾಗದ ಎರಡನೇ ಬಹುಮಾನವೂ ಬಂತು. ಕೊನೆಯ ವಾರದವರೆಗೂ ನಮ್ಮ ಕಾಸ್‌ಪ್ಲೇ (ಕಾಮಿಕ್ಸ್, ಸಿನಿಮಾ, ಗೇಮ್ ಪಾತ್ರಗಳ ವೇಷ ಕಟ್ಟುವ ಹವ್ಯಾಸ) ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಮಾತು: "ಎರಡು ಶೇಡ್ ಡಾರ್ಕ್ ಮಾಡ್ಕೊ, ಇಲ್ಲಾಂದ್ರೆ ಬಿಳಿ ವಿಗ್ ಹಾಕಿರೋ ಯಾರೋ ಹುಡುಗಿ ಅನ್ಕೊಳ್ತಾರೆ ಅಷ್ಟೆ."

ನನ್ನದು ಸಾದುಗಪ್ಪು ಮೈ. ಮದುವೆ ಮನೆಗೆ ತಯಾರಾಗಲು ಪಾರ್ಲರ್‌ಗೆ ಹೋದರೆ ಕೇಳದೆಯೇ ಎರಡು ಶೇಡ್ ಬೆಳ್ಳಗೆ ಮಾಡಿ ಕೂರಿಸುತ್ತಾರೆ. ಕಾಸ್‌ಪ್ಲೇಗೆ ಬಂದರೆ ಎರಡು ಶೇಡ್ ಕಪ್ಪಗಾಗು ಅನ್ನುತ್ತಾರೆ. ನನ್ನ ಚರ್ಮ ಇದ್ದ ಹಾಗೇ ಇರಲಿ ಎಂದು ಹಟ ಹಿಡಿಯಲು ಇದೂ ಒಂದು ಕಾರಣ. ಆದರೆ ಮುಖ್ಯ ಕಾರಣ ಬೇರೆ. ಸ್ಟಾರ್ಮ್‌ಳ ನಿಜ ಹೆಸರು ಒರೋರೊ ಮನ್ರೋ, ಕೀನ್ಯಾದ ತಾಯಿಯ ಮಗಳು. 1975ರಲ್ಲಿ ಲೆನ್ ವೀನ್ ಮತ್ತು ಡೇವ್ ಕಾಕ್ರಮ್ ಅವಳನ್ನು ಸೃಷ್ಟಿಸಿದಾಗ ಅಮೆರಿಕದ ಕಾಮಿಕ್ಸ್‌ನಲ್ಲಿ ಕಪ್ಪು ನಾಯಕಿಯರೆಂದರೆ ಬೆರಳೆಣಿಕೆ. ಅವಳ ಮೈಬಣ್ಣ ನಿಜವಾಗಿ ಬದುಕಿರುವ ಜನರದ್ದು. ಅದು ನಾನು ಡಬ್ಬಿಯಿಂದ ತೆಗೆದು ಹಚ್ಚಿಕೊಳ್ಳುವ ವಸ್ತುವಲ್ಲ.

ಬ್ಲ್ಯಾಕ್‌ಫೇಸ್, ಅಂದರೆ ಕಪ್ಪು ಜನರನ್ನು ಅಣಕಿಸಲು ಬೇರೆಯವರು ಮುಖಕ್ಕೆ ಮಸಿ ಬಳಿದುಕೊಳ್ಳುವುದರ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇನೆ. 1830ರ ಸುಮಾರಿಗೆ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದು 'ಜಿಮ್ ಕ್ರೋ' ಎಂಬ ಗುಲಾಮನ ಪಾತ್ರ ಕುಣಿದು ಹೆಸರು ಮಾಡಿದ. ಮುಂದೆ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಜನರನ್ನು ದೂರವಿಟ್ಟ ಕಾನೂನುಗಳಿಗೆ ಅದೇ ಹೆಸರು ಅಂಟಿಕೊಂಡಿತು. ಬಿಬಿಸಿಯಂಥ ಸಂಸ್ಥೆ ಕೂಡ 1958ರಿಂದ 1978ರವರೆಗೆ ಮಸಿ ಮುಖದ ಹಾಡುಗಾರರ ಕಾರ್ಯಕ್ರಮವನ್ನು ಮನೆಮನೆಗೆ ತೋರಿಸಿತು. ನಮ್ಮ ಹವ್ಯಾಸಕ್ಕೂ ಇದು ತಟ್ಟಿದೆ. 2019ರಲ್ಲಿ ಅಪೆಕ್ಸ್ ಲೆಜೆಂಡ್ಸ್ ಎಂಬ ವಿಡಿಯೊ ಗೇಮ್‌ನ ಕಪ್ಪು ಪಾತ್ರ ಲೈಫ್‌ಲೈನ್ ಆಗಲು ಮೈಗೆ ಬಣ್ಣ ಹಚ್ಚಿದವರ ಖಾತೆಯನ್ನು ಟ್ವಿಚ್ ಎಂಬ ನೇರಪ್ರಸಾರ ತಾಣ ಕೆಲಕಾಲ ತಡೆಹಿಡಿಯಿತು. ಅದೇ ವರ್ಷ ಯೂರೋಕಾಸ್‌ಪ್ಲೇ ಎಂಬ ಯೂರೋಪಿನ ಸ್ಪರ್ಧೆಯ ಅಂತಿಮ ಸುತ್ತಿಗೆ ಆಯ್ಕೆಯಾಗಿದ್ದ ಫ್ರಾನ್ಸ್‌ನ ಸ್ಪರ್ಧಿಗೆ ಮೈ ಕಪ್ಪಗೆ ಮಾಡಿಕೊಂಡದ್ದೇ ಅಡ್ಡಿಯಾಯಿತು. ಇಬ್ಬರಿಗೂ ಅವಮಾನ ಮಾಡುವ ಉದ್ದೇಶ ಇರಲಿಲ್ಲ ಎಂದು ನಾನೂ ನಂಬುತ್ತೇನೆ. ಆದರೆ ಎದುರಿಗಿರುವವರಿಗೆ ಕಾಣುವುದು ಬಳಿದ ಮುಖ, ಉದ್ದೇಶ ಅಲ್ಲ.

"ಅದು ಅಮೆರಿಕದ ಗಾಯ, ನಮಗ್ಯಾಕೆ?" ಅನ್ನುವವರಿಗೆ ನನ್ನ ಉತ್ತರ ಗಟ್ಟಿಯಾಗಿದೆ. 2016ರ ಜನವರಿಯಲ್ಲಿ ಹೆಸರಘಟ್ಟ ರಸ್ತೆಯಲ್ಲಿ ತಾಂಜಾನಿಯಾದ ಒಬ್ಬ ವಿದ್ಯಾರ್ಥಿನಿಯನ್ನು ಗುಂಪು ಹೊಡೆಯಿತು. ಅದಕ್ಕೂ ಸ್ವಲ್ಪ ಮೊದಲು ನಡೆದ ಅಪಘಾತದಲ್ಲಿ ಕಾರು ಓಡಿಸಿದವನು ಸುಡಾನಿನವನು. ಆಕೆಗೂ ಅವನಿಗೂ ಸಂಬಂಧವೇ ಇಲ್ಲ, ಇಬ್ಬರೂ ಕಪ್ಪು ಅನ್ನುವುದೊಂದೇ. ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ತಲೆತಲಾಂತರದಿಂದ ಬದುಕುತ್ತಿರುವ ಆಫ್ರಿಕಾ ಮೂಲದ ಸಿದ್ದಿಗಳು ಕನ್ನಡ, ಕೊಂಕಣಿ ಆಡುವ ನಮ್ಮವರೇ. ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಿ. ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಮಗುವಿಗೆ ಮಸಿ ಬಳಿದು ಸೊಂಟಕ್ಕೆ ಸೊಪ್ಪು ಕಟ್ಟಿ 'ಕಾಡುಜನ' ಎಂದು ಓಡಾಡಿಸುವುದನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅದೇ ತರಗತಿಯಲ್ಲಿ ಒಬ್ಬ ಸಿದ್ದಿ ಹುಡುಗಿ ಕೂತಿದ್ದರೆ ಅವಳಿಗೆ ಹೇಗಾಗಬೇಡ?

ಇನ್ನೊಂದು ವಾದ ಯಕ್ಷಗಾನದ್ದು. ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿ ಇಟ್ಟು ಮುಖವನ್ನೇ ಬೇರೆ ಮಾಡುತ್ತಾರಲ್ಲ, ನಾಟಕದ ಕೃಷ್ಣನಿಗೆ ನೀಲಿ ಹಚ್ಚುತ್ತಾರಲ್ಲ, ಅದೂ ತಪ್ಪಾ ಅಂತ. ಖಂಡಿತ ಅಲ್ಲ. ಆ ಬಣ್ಣಗಳು ರಸದ್ದು, ಗುಣದ್ದು. ಯಾವ ಜನಾಂಗದ ಚರ್ಮವೂ ಅಲ್ಲ. ನಾನೇ ಹಿಂದೆ ಹಸಿರು ಮೈಯ ಅನ್ಯಗ್ರಹದ ಪಾತ್ರ ಗಮೋರಾ ಮಾಡಿದಾಗ ಕತ್ತಿನವರೆಗೂ ಹಸಿರು ಹಚ್ಚಿಕೊಂಡಿದ್ದೆ. ಹಸಿರು ಮೈಯವರಿಗೆ ಈ ಊರಲ್ಲಿ ಯಾರೂ ಬಾಡಿಗೆ ಮನೆ ಇಲ್ಲ ಅನ್ನುವುದಿಲ್ಲ. ಕಪ್ಪು ಮೈಯವರಿಗೆ ಅನ್ನುತ್ತಾರೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಮಾಡಿದ್ದು ನೆರಳಿನ ಪರೀಕ್ಷೆ. ಇದು ನನ್ನದೇ ಐಡಿಯಾ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಹಳೇ ಬೆಡ್‌ಶೀಟು, ದುಪಟ್ಟಾ, ರಟ್ಟು ಸೇರಿಸಿ ಕಚ್ಚಾ ವೇಷ ಕಟ್ಟಿ, ಹಿಂದಿನಿಂದ ಲೈಟು ಬಿಟ್ಟು, ಬಿಳಿ ಪರದೆಯ ಮೇಲೆ ನೆರಳನ್ನಷ್ಟೇ ಫೋಟೊ ಹೊಡೆದೆ. ಅದನ್ನು ಗುಂಪಿಗೆ ಕಳಿಸಿ "ಯಾರಿದು?" ಎಂದು ಕೇಳಿದೆ. ಮೊದಲ ಸಲ ಬ್ಯಾಟ್‌ಮ್ಯಾನ್ ಅಂದರು. ಆಮೇಲೆ ಯಾವುದೋ ಮಾಟಗಾತಿ ಅಂದರು. ಕೇಪ್ ಅನ್ನು ಹೆಗಲಿನಿಂದ ಮಣಿಕಟ್ಟಿಗೆ ಎಳೆದು ಕಟ್ಟಿ, ಕೂದಲಿನ ಗಾತ್ರ ದುಪ್ಪಟ್ಟು ಮಾಡಿದ ಮೇಲೆ ಎಲ್ಲರೂ "ಸ್ಟಾರ್ಮ್" ಅಂದರು, ಬಣ್ಣ ಬಳಿ ಎಂದು ಒತ್ತಾಯಿಸಿದವರೂ ಸೇರಿ. ನೆರಳಿಗೆ ಮೈಬಣ್ಣ ಇರುವುದಿಲ್ಲ. ಅಲ್ಲಿಗೆ ನನ್ನ ಅನುಮಾನ ಪೂರ್ತಿ ಹೋಯಿತು. ಇನ್ನೇನಿದ್ದರೂ ಕೂದಲು, ಕೇಪ್, ನಿಲುವು.

ಆರಿಸಿಕೊಂಡದ್ದು ಕಾಕ್ರಮ್‌ನ ಮೊದಲ ವಿನ್ಯಾಸ: ಕಪ್ಪು ಉಡುಪು, ಚಿನ್ನದ ಅಂಚು, ಉದ್ದ ಬೂಟು, ತಲೆಪಟ್ಟಿ. 1983ರ ಮೊಹಾಕ್ ಜುಟ್ಟಿನ ಚರ್ಮದ ಜಾಕೆಟ್ ರೂಪ ನನಗೆ ಇನ್ನೂ ಇಷ್ಟ, ಆದರೆ ಅದು ಕಾಮಿಕ್ಸ್ ಓದುಗರಿಗೆ ಮಾತ್ರ ಗೊತ್ತಾಗುತ್ತದೆ.

ಅತಿ ಹೆಚ್ಚು ದುಡ್ಡು ನುಂಗಿದ್ದು ಕೂದಲು. ಮೊದಲು ಆನ್‌ಲೈನಿನಲ್ಲಿ ಸಾವಿರದ ಇನ್ನೂರರ ಆಸುಪಾಸಿನ ಬಿಳಿ ವಿಗ್ ತರಿಸಿದೆ. ಹಾಲ್‌ನ ಲೈಟಿನಲ್ಲಿ ಅದು ನೀಲಿ ಹೊಡೆಯಿತು, ಫ್ಲಾಶ್ ಬಿದ್ದರೆ ಪ್ಲಾಸ್ಟಿಕ್ ಹೊಳಪು. ಕಾಲಿಗೆ ಹಾಕುವ ಪೌಡರ್ ಉದುರಿಸಿ ಹೊಳಪು ಕೊಂದೆ, ಆದರೆ ಹೆಗಲ ಮೇಲೆಲ್ಲ ಪುಡಿ. ಎರಡನೆಯದು ಲೇಸ್ ಫ್ರಂಟ್ (ಹಣೆಯಂಚಿಗೆ ತೆಳು ಜಾಲರಿ ಇರುವ ವಿಗ್), ನಾಲ್ಕೂವರೆ ಸಾವಿರ ಇರಬೇಕು. ಗುಣಮಟ್ಟ ಚೆನ್ನಾಗಿತ್ತು, ಗಾತ್ರ ಸಾಲದು. ಕೊನೆಗೆ ಮೊದಲ ವಿಗ್‌ನ ವೆಫ್ಟುಗಳನ್ನು, ಅಂದರೆ ಕೂದಲು ಹೊಲಿದ ಪಟ್ಟಿಗಳನ್ನು ಬಿಚ್ಚಿ ಎರಡನೆಯದರ ಒಳಗೆ ಹೊಲಿದೆ. ಒಳಗಿನ ಅಗ್ಗದ ಕೂದಲನ್ನು ಹಿಂದಕ್ಕೆ ಬಾಚಿ ಗೂಡು ಮಾಡಿದರೆ ಮೇಲಿನ ದುಬಾರಿ ಕೂದಲು ಅದರ ಮೇಲೆ ಕೂರುತ್ತದೆ. ಒಂದು ವಿಷಯ ಗಮನಿಸಿ: ಅಚ್ಚ ಬಿಳಿ ಕೂದಲು ಯಾರ ತಲೆಯ ಮೇಲಿದ್ದರೂ ಸುಳ್ಳಾಗಿಯೇ ಕಾಣುತ್ತದೆ. ಬೇರಿನ ಹತ್ತಿರ ಬೂದಿಯ ನೆರಳು ಬೇಕು. ಆಲ್ಕೊಹಾಲ್ ಇಂಕ್ ಬಳಸಿದೆ ಎಂಬಷ್ಟನ್ನು ಹೇಳುತ್ತೇನೆ. ಯಾವ ಎರಡು ಬಣ್ಣ, ಎಷ್ಟು ಪಾಲು ಅನ್ನುವುದು ನನ್ನಲ್ಲೇ ಇರಲಿ, ಅದಕ್ಕೆ ಎಷ್ಟೋ ರಾತ್ರಿ ಕಳೆದಿದ್ದೇನೆ.

ಕೇಪ್ ಮೊದಲು ಸ್ಯಾಟಿನ್‌ನಲ್ಲಿ ಹೊಲಿದೆ. ಚಿಕ್ಕಪೇಟೆಯಲ್ಲಿ ಒಂಬತ್ತು ಮೀಟರಿನಷ್ಟು ಬಟ್ಟೆ, ಎರಡು ಸಾವಿರದ ಹತ್ತಿರ. ಪೂರ್ತಿ ವೃತ್ತ ಕತ್ತರಿಸಿ ಹಾಕಿಕೊಂಡರೆ ಕಾಲಿಗೆ ಅಂಟಿಕೊಂಡಿತು, ನಡೆದರೆ ತೊಡರಿತು, ಕೈ ಎತ್ತಿದರೆ ಹೆಗಲು ನೋವು. ಅದನ್ನು ಎತ್ತಿಟ್ಟು ಜಾರ್ಜೆಟ್ ತಂದೆ. ಮುಕ್ಕಾಲು ವೃತ್ತ ಸಾಕು, ಬಟ್ಟೆಯೂ ಉಳಿಯುತ್ತದೆ. ಅಂಚಿನೊಳಗೆ ಕರ್ಟನ್‌ಗೆ ಹಾಕುವ ಸೀಸದ ಹಗ್ಗ ಎಳೆದೆ. ಮಧ್ಯ ಬೆರಳಿಗೊಂದು ಎಲಾಸ್ಟಿಕ್ ಉಂಗುರ ಇಟ್ಟು ಮಣಿಕಟ್ಟಿಗೆ ಕಟ್ಟಿದೆ. ಈಗ ಕೈ ಎತ್ತಿ ಅರ್ಧ ಸುತ್ತು ತಿರುಗಿದರೆ ಬಟ್ಟೆ ಗಾಳಿ ಹಿಡಿದು ನಿಲ್ಲುತ್ತದೆ. ಫೋಟೊಗ್ರಾಫರ್‌ಗಳು ಫ್ಯಾನ್ ಎಲ್ಲಿಟ್ಟಿದ್ದೀರಿ ಎಂದು ಕೇಳಿದರು. ಫ್ಯಾನ್ ಇರಲಿಲ್ಲ.

ಮಿಂಚಿನ ವಿಚಾರ ನನ್ನನ್ನು ಬೇರೆ ದಾರಿಗೆ ಎಳೆದುಕೊಂಡು ಹೋಯಿತು. ಎಸ್‌ಪಿ ರೋಡಿನಲ್ಲಿ ಡಬ್ಲ್ಯುಎಸ್2812 ಎಲ್‌ಇಡಿ ಸ್ಟ್ರಿಪ್, ಅದನ್ನು ಕೋಡ್‌ನಿಂದ ನಡೆಸಲು ಇಎಸ್‌ಪಿ32 ಬೋರ್ಡು ತಂದು ಕೇಪ್‌ನ ಒಳ ಅಂಚಿಗೆ ಕಟ್ಟಿದೆ. ಪೂರ್ತಿ ಬಿಳಿ ಬೆಳಕಿಗೆ ಒಂದೊಂದು ಎಲ್‌ಇಡಿಯೂ 60 ಮಿಲಿಆಂಪ್ ಎಳೆಯುತ್ತದೆ. ನೂರು ಎಲ್‌ಇಡಿ ಅಂದರೆ 6 ಆಂಪ್. ಎರಡು ಆಂಪಿನ ಪವರ್ ಬ್ಯಾಂಕು ಮೊದಲ ಮಿಂಚಿಗೇ ಸತ್ತಿತು. ಹೊಳಪು ತಗ್ಗಿಸಿ, ಸ್ಟ್ರಿಪ್ಪನ್ನು ಗುಂಪುಗಳಾಗಿ ಒಡೆದು, ಒಂದಾದ ಮೇಲೊಂದು ಹೊಳೆಯುವಂತೆ ಕೋಡ್ ಬರೆದೆ. ಆದರೂ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಕಾಣುತ್ತಿತ್ತು. ಆಮೇಲೆ ನಿಜವಾದ ಮಿಂಚಿನ ನಿಧಾನಗತಿ ವಿಡಿಯೊ ನೋಡಿದೆ. ನಮ್ಮ ಕಣ್ಣಿಗೆ ಒಂದೇ ಹೊಳಪಾಗಿ ಕಂಡರೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಮೂರು ನಾಲ್ಕು ಹೊಡೆತ ಬಿದ್ದಿರುತ್ತವೆ, ನಡುವೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಬಿಡುವು. ಅದೇ ಲಯವನ್ನು ಕೋಡ್‌ನಲ್ಲಿ ಹಾಕಿ, ಬಿಡುವನ್ನು ಸ್ವಲ್ಪ ಏರುಪೇರು ಮಾಡಿದೆ. ಆಗ ನೋಡಿ ಮಿಂಚು ಮಿಂಚಾಯಿತು. ತೀರ್ಪುಗಾರರೊಬ್ಬರು ಇದೊಂದನ್ನೇ ಮತ್ತೆ ಮತ್ತೆ ಮಾಡಿಸಿದರು.

ತಲೆಪಟ್ಟಿಗೆ ಬೀದರಿನ ಬಿದರಿ ಕೆಲಸದ ಛಾಯೆ ತರಬಹುದೇ ಎಂದೂ ಪ್ರಯತ್ನಿಸಿದೆ. ಇವಿಎ ಫೋಮ್‌ಗೆ ಮ್ಯಾಟ್ ಕಪ್ಪು ಬಳಿದು, ಸಾಲ್ಡರಿಂಗ್ ಐರನ್‌ನಿಂದ ಬಳ್ಳಿ ಕೊರೆದು, ಗೆರೆಯೊಳಗೆ ಬೆಳ್ಳಿ ಮೇಣ ತುಂಬಿ ಒರೆಸಿದರೆ ಎರಡು ಅಡಿ ದೂರದಿಂದ ಸಾಕ್ಷಾತ್ ಬಿದರಿ. ಬಹಳ ಚೆನ್ನಾಗಿ ಬಂತು, ಆದರೆ ಒರೋರೊಗೆ ಹೊಂದಲಿಲ್ಲ. ಎತ್ತಿಟ್ಟಿದ್ದೇನೆ, ನನ್ನದೇ ಪಾತ್ರವೊಂದಕ್ಕೆ ಬಳಸುತ್ತೇನೆ. ಸಾಲ್ಡರಿಂಗ್ ಮಾಡುವಾಗ ಕಿಟಕಿ ತೆರೆದು ಮಾಸ್ಕ್ ಹಾಕಿಕೊಳ್ಳಿ, ಆ ಹೊಗೆ ಒಳ್ಳೆಯದಲ್ಲ.

ಮುಖಕ್ಕೆ ನನ್ನದೇ ಶೇಡ್‌ನ ಫೌಂಡೇಷನ್. ಅದು ಸಿಗುವುದೇ ಕಷ್ಟವಾಯಿತು. ಅಂಗಡಿಯಲ್ಲಿ ತಿಳಿ ಬಣ್ಣದ ಸಾಲು ಉದ್ದಕ್ಕಿತ್ತು, ಸಾದುಗಪ್ಪಿಗೆ ಎರಡೋ ಮೂರೋ, ಅದರಲ್ಲಿ ಒಂದು ಕಿತ್ತಳೆ ಹೊಡೆಯುತ್ತಿತ್ತು. 1975ರಲ್ಲೇ ಬಿಳಿಯಾಗಿಸುವ ಕ್ರೀಮನ್ನು ಮಾರುಕಟ್ಟೆಗೆ ಬಿಟ್ಟು, 2020ರವರೆಗೂ 'ಫೇರ್' ಎಂಬ ಹೆಸರಲ್ಲೇ ಮಾರಿದ ದೇಶ ನಮ್ಮದು. ಕೊನೆಗೆ ಎರಡು ಬೆರೆಸಿಕೊಂಡೆ. ಸಿಲಿಕಾ ಪೌಡರ್ ಬೇಡ, ಫ್ಲಾಶ್‌ನಲ್ಲಿ ಮುಖ ಬೂದಿಯಾಗುತ್ತದೆ. ಕೆನ್ನೆ ಮೂಳೆ, ದವಡೆಯ ಗೆರೆಗಷ್ಟೇ ಕಾಂಟೂರ್ ಕೊಟ್ಟೆ, ಮೂಗು ತುಟಿ ಮುಟ್ಟಲಿಲ್ಲ. ಕಪ್ಪು ಜನರ ಮುಖಲಕ್ಷಣ ಬರೆಯುವುದೂ ಬಣ್ಣ ಬಳಿಯುವುದರಷ್ಟೇ ಕೆಟ್ಟದ್ದು. ಹುಬ್ಬು ಬಿಳಿ ಮಾಡಿದೆ. ಕಣ್ಣು ಪೂರ್ತಿ ಬೆಳ್ಳಗೆ ಕಾಣಿಸುವ ಬಿಳಿ ಮೆಶ್ ಲೆನ್ಸ್‌ಗೆ ಎರಡೂವರೆ ಸಾವಿರ ಕೊಟ್ಟೆ. ಕಣ್ಣಿನ ವೈದ್ಯರು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ ಅಂದದ್ದರಿಂದ ಫೋಟೊಗೆ ಮಾತ್ರ ಹಾಕಿ ತೆಗೆದೆ.

ಎಲ್ಲ ಸೇರಿ ಇಪ್ಪತ್ತೊಂದು ಇಪ್ಪತ್ತೆರಡು ಸಾವಿರ ಆಗಿರಬೇಕು: ಕೂದಲಿಗೆ ಆರು, ಎರಡು ಸಲದ ಬಟ್ಟೆಗೆ ನಾಲ್ಕು, ಎಲೆಕ್ಟ್ರಾನಿಕ್ಸ್‌ಗೆ ಮೂರೂವರೆ, ಬೂಟಿಗೆ ರೆಕ್ಸಿನ್ ಸೇರಿಸಿ ಮೂರು, ಮಿಕ್ಕದ್ದು ಲೆನ್ಸು, ಫೋಮು, ಎಸ್‌ಆರ್ 998 ಅಂಟು, ಮೇಕಪ್. ಬಹುಮಾನದಲ್ಲಿ ಅರ್ಧದಷ್ಟು ವಾಪಸ್ ಬಂತು. ಮೈಗೆ ಏರ್‌ಬ್ರಶ್ ಮಾಡಿಸಿದ್ದರೆ ಕಲಾವಿದರಿಗೇ ಆರೇಳು ಸಾವಿರ ಹೋಗುತ್ತಿತ್ತು. ಅದೂ ಬೆವರಿಗೆ ಕರಗಿ ಬಟ್ಟೆಗೆಲ್ಲ ಹತ್ತುತ್ತಿತ್ತು, ಹಸಿರು ಹಚ್ಚಿದಾಗ ಆದ ಹಾಗೆ.

ಅವತ್ತು 'ಬ್ಲ್ಯಾಕ್ ಪ್ಯಾಂಥರ್'ನ ಕಾವಲು ಯೋಧೆಯರಾದ ಡೋರಾ ಮಿಲಾಜೆ ವೇಷದಲ್ಲಿ ಬಂದಿದ್ದ ನೈಜೀರಿಯಾದ ವಿದ್ಯಾರ್ಥಿನಿಯೊಬ್ಬಳ ಜೊತೆ ಅರ್ಧ ಗಂಟೆ ಮಾತಾಡಿದೆ. ಬಣ್ಣದ ವಿಷಯ ಬರಲೇ ಇಲ್ಲ. ಬೆವರಿಗೆ ಯಾವ ವಿಗ್ ಅಂಟು ನಿಲ್ಲುತ್ತದೆ, ಕತ್ತಿನ ಬಳೆಗಳನ್ನು ಹಿತ್ತಾಳೆಯಲ್ಲಿ ಮಾಡಿದರೆ ಎಷ್ಟು ಭಾರ, ಅವಳು ಪೈಪಿಗೆ ಚಿನ್ನದ ವಿನೈಲ್ ಸುತ್ತಿ ಹೇಗೆ ಹಗುರ ಮಾಡಿದಳು, ಇದೇ ಮಾತು. ಹೊರಡುವಾಗ ಅವಳು ಮುಂದಿನ ಸಲ ಜಪಾನಿನ ಕಾರ್ಟೂನಿನ ಬೆಳ್ಳನೆಯ ನಾಯಕಿ ಸೇಲರ್ ಮೂನ್ ಮಾಡುತ್ತೇನೆ ಅಂದಳು. ಕಪ್ಪು ಕಾಸ್‌ಪ್ಲೇಯರ್‌ಗಳಿಗೆ "ಆ ಪಾತ್ರ ನಿನಗೆ ಹೊಂದಲ್ಲ" ಅನ್ನುವವರು ಎಲ್ಲ ಕಡೆ ಇದ್ದಾರೆ. 2015ರಿಂದ ಪ್ರತಿ ಫೆಬ್ರವರಿಯಲ್ಲಿ ಕಪ್ಪು ಕಾಸ್‌ಪ್ಲೇಯರ್‌ಗಳು ತಮ್ಮ ಕೆಲಸವನ್ನು ತಾವೇ ಮುಂದಿಡಲು ಶುರು ಮಾಡಿದ್ದು ಇದೇ ಬೇಸರಕ್ಕೆ. ಸೇಲರ್ ಮೂನ್ ಆಗಲು ಅವಳು ಮೈ ಬೆಳ್ಳಗೆ ಮಾಡಿಕೊಳ್ಳಲಿ ಎಂದು ನಾನು ಕೇಳುವುದಿಲ್ಲವಾದರೆ, ಸ್ಟಾರ್ಮ್ ಆಗಲು ನಾನು ಮೈ ಕಪ್ಪಗೆ ಮಾಡಿಕೊಳ್ಳಲಿ ಎಂದು ಬೇರೆಯವರು ಕೇಳುವುದೂ ಬೇಡ.

ಗುಂಪಿನಲ್ಲಿ ಈಗ ಇಬ್ಬರು ಇದೇ ದಾರಿ ಹಿಡಿದಿದ್ದಾರೆ. ಒಬ್ಬನದು ಕಪ್ಪು ಹುಡುಗ ಸ್ಪೈಡರ್-ಮ್ಯಾನ್ ಆಗುವ ಮೈಲ್ಸ್ ಮೊರಾಲೆಸ್ ಪಾತ್ರ, ಮುಸುಕು ಇರುವುದರಿಂದ ಅವನಿಗೆ ಸುಲಭ. ಇನ್ನೊಬ್ಬಳದು ಮುಖ ಕಾಣುವ ಪಾತ್ರ, ನೆರಳಿನ ಪರೀಕ್ಷೆಯಲ್ಲಿ ಇನ್ನೂ ಪಾಸಾಗಿಲ್ಲ, ಆಯುಧದ ಉದ್ದ ಸರಿಯಿಲ್ಲ ಎಂದು ನನ್ನ ಅನುಮಾನ. ಕೇಪ್‌ನ ಪ್ಯಾಟರ್ನ್ ಬೇಕಾದವರು ಎತ್ತರ, ಹೆಗಲಿನಿಂದ ಮಣಿಕಟ್ಟಿನ ಅಳತೆ ಹೇಳಿ, ಪೇಪರ್ ಮೇಲೆ ಬರೆದು ಕೊಡುತ್ತೇನೆ. ಮಿಂಚಿನ ಕೋಡ್ ಕೂಡ ಕೊಡುತ್ತೇನೆ, ಪವರ್ ಬ್ಯಾಂಕ್ ಮಾತ್ರ ಕನಿಷ್ಠ ಮೂರು ಆಂಪಿನದ್ದು ತನ್ನಿ.